ಡಾಕ್ಟರಮ್ಮ ಹೋದ ಮೇಲೆ

ಜೂನ್ 3, ಸಂಜೆ
ಲಿಂಕ್ ಕಳಿಸಿ ಒಬ್ಬೊಬ್ಬರನ್ನೇ ಒಳಗೆ ಬಿಟ್ಟೆ. ಆಸ್ಪತ್ರೆಗೆ ನಾನು ಗುಮಾಸ್ತ. ಸಕ್ಕರೆ ಕಾಯಿಲೆಯ ಈ ಹುಡುಗ ಹುಡುಗಿಯರಿಗೆ ‘ಗೇಟ್ ಮಾವ’. ಡಾಕ್ಟರಮ್ಮ ವಿಡಿಯೋದಲ್ಲಿ ಎಲ್ಲರನ್ನೂ ಒಟ್ಟಿಗೇ ನೋಡುತ್ತಾರೆ. ಬೇಕರಿ ಕೆಲಸದವನು ಇಂದೂ ಕ್ಯಾಮೆರಾ ಹಾಕಲಿಲ್ಲ. ಪರದೆಯಲ್ಲಿ ಅವನ ಜಾಗಕ್ಕೆ ಕಪ್ಪು ಚೌಕ. ಹೋದ ವರ್ಷ ಐಸಿಯುವಿನಿಂದ ಬದುಕಿ ಬಂದವನು. ಇನ್ಸುಲಿನ್ ತಪ್ಪಿಸುತ್ತಾನೆಂದು ಡಾಕ್ಟರಮ್ಮನ ಅನುಮಾನ. ಕೇಳಿದರೆ, ತಗೋತೀನಿ ಮೇಡಂ. ಇರಲಿ... ಊರಿಗೆ ಬಂದವನು ನೀರಿಗೆ ಬರದಿರುತ್ತಾನೆಯೇ.

ಜೂನ್ 17
ಎಡವಟ್ಟು. ಡಾಕ್ಟರಮ್ಮ ಹೋದೊಡನೆ ಕಾಲ್ ಮುಗಿಸಬೇಕಿತ್ತು. ಮರೆತು ಟೀ ಕುಡಿಯಲು ಹೋದೆ. ಬಂದರೆ ಅಷ್ಟೂ ಜನ ಅಲ್ಲೇ, ಹರಟೆ. ಟೈಲರಿಂಗ್ ಹುಡುಗಿ ಮೆಷಿನ್ ಮುಂದೆ ಕೂತೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳಂತೆ. ಯಾರಾದರೂ ಕಣ್ಣರಳಿಸಿ ನೋಡಿದರೆ, ಬಟ್ಟೆಗೊಂದು ಸೂಜಿ ನಂಗೊಂದು, ಅನ್ನುತ್ತಾಳಂತೆ. ಕಪ್ಪು ಚೌಕದಿಂದಲೂ ಒಂದು ನಗು.
ನಾನಿದ್ದೇನೆ ಎಂದು ಕೆಮ್ಮಿದೆ.
“ಇರಿ ಮಾವ, ಗೇಟ್ ಹಾಕ್ಬೇಡಿ.”

ಜುಲೈ 1
ಈಗ ಬೇಕೆಂದೇ ಮರೆಯುತ್ತೇನೆ.

ಜುಲೈ 22
ಮ್ಯಾನೇಜರ್ ಕರೆಸಿದ್ದರು. ಡಾಕ್ಟರ್, ನರ್ಸ್, ನನ್ನ ಓವರ್‌ಟೈಮ್ — ಖರ್ಚು ಕಣ್ಣಿಗೆ ಕಾಣುತ್ತದೆ. ಗುಂಪಿನ ಸರಾಸರಿ ಶುಗರ್ ಇಳಿದಿಲ್ಲ. ಲಾಭವೇನು? ಮಕ್ಕಳಿಗೆ ಬಸ್ ಚಾರ್ಜು, ಅರ್ಧ ದಿನದ ಸಂಬಳ ಉಳಿಯುತ್ತದೆ ಎಂದೆ.
“ಅದು ಅವರ ಜೇಬು ಕಣ್ರೀ.”
ಸುಳ್ಳಲ್ಲ. ಚೆಕಪ್ಪಿಗೇ ಬಾರದವರು ಈಗ ತಪ್ಪದೆ ಬರುತ್ತಾರೆ ಎಂದೆ. ತಲೆಯಾಡಿಸಿದರು — ಹೌದೆಂದಲ್ಲ. ಮುಂದಿನ ವಾರದ್ದೇ ಕೊನೆಯಂತೆ.
‘ಅಕ್ಕರೆಯಿಲ್ಲದೆ ಸಕ್ಕರೆ ಇಳಿಯದು’ ಎಂದು ಬರೆದುಕೊಡೋಣವೆನಿಸಿತು. ಪ್ರಾಸಕ್ಕೆ ಪಾಸು, ವರದಿಗೆ ಫೇಲು.

ಜುಲೈ 29, ಸಂಜೆ
ಕಾಲ್ ನಡೆಯುತ್ತಿರುವಾಗಲೇ ಬರೆಯುತ್ತಿದ್ದೇನೆ. ಡಾಕ್ಟರಮ್ಮ ಹೋದರು. ಇದೇ ಕೊನೆ ಎಂದೆ. ಯಾರೂ ಕದಲಲಿಲ್ಲ. ಆಮೇಲೆ ಕಪ್ಪು ಚೌಕ ಬೆಳಗಿತು. ಬತ್ತಿದ ಕೆನ್ನೆ, ಹುಬ್ಬಿನ ಮೇಲೆ ಮೈದಾ.
“ಮಧ್ಯಾಹ್ನದ ಇನ್ಸುಲಿನ್ ತಗೊಳ್ಳಲ್ಲ ನಾನು. ಓನರ್‌ಗೆ ಗೊತ್ತಾದ್ರೆ ಕೆಲಸ ಹೋಗುತ್ತೆ.”
“ಇವತ್ತು?” ಟೈಲರಿಂಗ್ ಹುಡುಗಿ.
“ಇವತ್ತೂ ಇಲ್ಲ. ನಿನ್ನೆ ರಾತ್ರೀದೂ ಇಲ್ಲ.”
“ಮೊದ್ಲು ಶುಗರ್ ನೋಡ್ಕೊ. ನಾಳೆಯಿಂದ ಊಟದ ಹೊತ್ತಿಗೆ ಫೋನ್ ಮಾಡ್ತೀನಿ, ಇಬ್ರೂ ಒಟ್ಟಿಗೇ ಚುಚ್ಕೊಳೋಣ.”
ಯಾಕೆ ಇನ್ನೂ ಮುಗಿಸಿಲ್ಲವೆಂದು ಮ್ಯಾನೇಜರ್ ಬಾಗಿಲಿಗೆ ಬಂದರು. ಅವರು ಕೂರಬಹುದೇ ಎಂದು ಮಕ್ಕಳನ್ನು ಕೇಳಿದೆ.
“ಕೂರ್ಲಿ ಮಾವ,” ಅಂದ ಬೇಕರಿಯವನು. “ಮುಖ ಕಾಣೋ ಹಾಗೆ ಕೂರ್ಲಿ.”
ಕುರ್ಚಿ ಎಳೆದುಕೊಂಡು ಕೂತರು. ಅವನು ಬೆರಳು ಚುಚ್ಚಿ ಮೀಟರನ್ನು ಕ್ಯಾಮೆರಾಕ್ಕೆ ಹಿಡಿದ. ಅಂಕಿಯಿಲ್ಲ, ‘ಹೈ’ ಎಂದಷ್ಟೇ. ಮೀಟರ್ ಅಳೆಯಲಾರದಷ್ಟು ಏರಿದೆ.
“ಡಾಕ್ಟರಮ್ಮನ್ನ ವಾಪಸ್ ಕರೀರಿ, ಈಗ್ಲೇ.”
ಅಂದವರು ಮ್ಯಾನೇಜರ್. ಡಾಕ್ಟರಮ್ಮನಿಗೆ ಫೋನ್ ಮಾಡಿದ್ದೇನೆ. ರಿಂಗ್ ಆಗುತ್ತಿ —