ಮೇಣ ಮೆತ್ತಿದ ಮುಚ್ಚಳ

ಜೂನ್ ೧೪, ಭಾನುವಾರ

ಹುಲ್ಲು ಕತ್ತರಿಸುವ ಯಂತ್ರದ ಸದ್ದು ಇನ್ನೂ ಕಿವಿಯಲ್ಲಿದೆ. ಒಮ್ಮೆ ಏರಿ, ಒಮ್ಮೆ ಕುಗ್ಗಿ, ಒದ್ದಾಡಿ ನಿಲ್ಲುತ್ತಿತ್ತು. ಅಳಿಯಂದಿರು ಬೆಳಗಿನಿಂದ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಪ್ಲಗ್ ಬದಲಿಸಿದರು, ಕಾರ್ಬುರೇಟರ್ ಬಿಚ್ಚಿ ತೊಳೆದರು. ಏನೂ ಉಪಯೋಗವಾಗಲಿಲ್ಲ.

"ಚೆನ್ನಾಗಿದ್ದದ್ದನ್ನ ಕೆಡಿಸೋದ್ರಲ್ಲಿ ನಿಮ್ಮದು ಎತ್ತಿದ ಕೈ," ಎಂದೆ. ಬೀಗರೂ ಅಲ್ಲೇ ಕೂತಿದ್ದರು.

"ಅಮ್ಮಾ, ಸಾಕು ಸುಮ್ನಿರು," ಎಂದಳು ಮಗಳು.

"ಇರ್ಲಿ ಬಿಡು, ಅತ್ತೆ ಬೈಗುಳಕ್ಕಾದ್ರೂ ಇದು ಹೆದರಿ ಓಡ್ಲಿ," ಎಂದು ನಗುತ್ತಾ ಅವರು ಪೆಟ್ರೋಲ್ ನೋಡಲು ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಉಸ್ ಎಂದು ಗಾಳಿ ಒಳಕ್ಕೆ ನುಗ್ಗಿತು. ಆಮೇಲೆ ಯಂತ್ರ ಸ್ವಲ್ಪ ಹೊತ್ತು ಹದವಾಗಿ ಓಡಿತು, ಮತ್ತೆ ಅದೇ ಒದ್ದಾಟ. ಅವರಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು.

ಉಗ್ರಾಣವೆಲ್ಲ ಪೆಟ್ರೋಲ್ ವಾಸನೆ ಎಂದು ಹೋದ ವಾರ ಆ ಮುಚ್ಚಳದ ಸಣ್ಣ ತೂತಿಗೆ ಮೇಣ ಮೆತ್ತಿದವಳು ನಾನೇ. ಒಳಗೆ ಗಾಳಿಯಾಡದೆ ಪೆಟ್ರೋಲ್ ಸರಿಯಾಗಿ ಇಳಿಯುತ್ತಿರಲಿಲ್ಲ. ಆಗಲೇ ಹೇಳಿಬಿಡಬಹುದಿತ್ತು. ಬೀಗರ ಮುಂದೆ ತಲೆ ತಗ್ಗಿಸಲು ಮನಸ್ಸು ಬರಲಿಲ್ಲ.

ಹೊರಡುವಾಗ ಅಳಿಯಂದಿರು, "ಅತ್ತೆ, ಇನ್ಮೇಲೆ ಈ ಮನೇಲಿ ನಾನು ಯಾವುದಕ್ಕೂ ಕೈ ಹಾಕಲ್ಲ," ಎಂದರು. ಈ ಸಲ ನಗಲಿಲ್ಲ.

ಸಂಜೆ ಪಿನ್ನು ಹಿಡಿದು ಉಗ್ರಾಣಕ್ಕೆ ಹೋದೆ. ಗುಟ್ಟಾಗಿ ಮೇಣ ತೆಗೆದರೆ ಯಂತ್ರ ಸರಿಹೋಗುತ್ತದೆ, ನಾನು ಆಡಿದ ಮಾತು ಮಾತ್ರ ಅವರ ಮೇಲೆ ಹಾಗೇ ಉಳಿಯುತ್ತದೆ. ಮುಟ್ಟದೆ ಬಂದೆ. ಬೆಳಿಗ್ಗೆ ಅವರನ್ನು ಕರೆಸಿ ಆ ಮುಚ್ಚಳವನ್ನು ಅವರ ಕೈಗೇ ಕೊಡಬೇಕು. ಬೀಗರನ್ನೂ ಕರೆಯಲೇ? ಕರೆಯಲೇಬೇಕು, ಅಂದದ್ದು ಅವರ ಎದುರಿಗೇ ತಾನೆ. ಆದರೆ ಹೇಗೆ ಶುರು ಮಾಡಲಿ? ಅಳಿಯಂದಿರೇ ಎಂದು ಕರೆದ ಮೇಲೆ ಮುಂದಿನ ಮಾತು…