ಹೆಡ್‌ಫೋನ್ ಇಲ್ಲದ ಗಿಟಾರು

ಹೊಲಿಗೆ ಕೋಣೆಯಿಂದ,
14ನೇ ತಾರೀಕು, ಮಂಗಳವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಬೇಕರಿಯ ಒಲೆಯ ಮುಂದಿನಿಂದ ಬಂದವಳೇ ತಣ್ಣೀರು ಕುಡಿಯಬೇಡ ಎಂದರೆ ಕೇಳುವವಳಲ್ಲ ನೀನು. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಆದರೆ ಬೆಳಗಿನಿಂದ ಅಂಗಿಗುಂಡಿಯ ಒಂದು ಕಾಜಾ ಕೂಡ ನೆಟ್ಟಗೆ ಹೊಲಿದಿಲ್ಲ.

ಮೊದಲು ತಪ್ಪೊಪ್ಪಿಗೆ. ಎಂಟು ತಿಂಗಳಿಂದ ನಿನ್ನ ಎಲೆಕ್ಟ್ರಿಕ್ ಗಿಟಾರು ನುಡಿಸುತ್ತಿದ್ದೇನೆ. ನಗಬೇಡ. ನೀನು ಕಾಲೇಜು ಬಿಟ್ಟು ಬೇಕರಿ ಕೆಲಸಕ್ಕೆ ಸೇರಿದಾಗ ಅಪ್ಪ "ಈ ಮನೇಲಿ ಇನ್ನು ಅವಳ ಸುದ್ದಿ ಎತ್ಬೇಡ" ಅಂದರು, ನೀನು ಹಠಕ್ಕೆ ಎರಡೂ ಗಿಟಾರು ಬಿಟ್ಟು ಹೊರಟೆ. ಸುದ್ದಿ ಎತ್ತಬೇಡ ಎಂದರು, ಗಿಟಾರು ಎತ್ತಬೇಡ ಎನ್ನಲಿಲ್ಲವಲ್ಲ! ಅವರು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿರುವಾಗಲೇ ಹೆಡ್‌ಫೋನ್ ಹಾಕಿಕೊಂಡು ಬಾರಿಸುತ್ತಿದ್ದೆ. ಅವರಿಗೆ ಸುಳಿವೇ ಇಲ್ಲ. ಗಿಟಾರು ಕಲಿಯುವ ಹೊಸದರಲ್ಲಿ ನುಡಿಸಿ ನುಡಿಸಿ ನಮ್ಮ ತಲೆ ತಿಂದಿದ್ದೆಯಲ್ಲ, ನಿನ್ನ ಆ ಪುಟ್ಟ ಟ್ಯೂನು, ನನಗೆ ಬರುವುದು ಅದೊಂದೇ.

ನಿನ್ನೆ ಆಂಪ್ಲಿಫೈಯರ್ ಕೆಟ್ಟಿತು. ರಿಪೇರಿಯವನು ಎರಡು ವಾರ ಎಂದ. ಇವತ್ತು ಬೀರುವಿನ ಮೇಲಿಂದ ಮರದ ಅಕೂಸ್ಟಿಕ್ ಇಳಿಸಿದೆ. ಅಬ್ಬಾ, ಅವೇನು ತಂತಿಗಳೋ ಬೇಲಿಯೋ! ಬೆರಳು ಉರಿದುಹೋಯಿತು. ಎಲೆಕ್ಟ್ರಿಕ್‌ನಲ್ಲಿ ಆಂಪ್ಲಿಫೈಯರ್ ಮುಚ್ಚಿಡುತ್ತಿದ್ದ ತಪ್ಪೆಲ್ಲ ಇಲ್ಲಿ ಬಯಲಿಗೆ ಬಿತ್ತು. ಎಂಟು ತಿಂಗಳು ಕಲಿತದ್ದು ಇಷ್ಟೇನಾ ಎಂದು ದಂಗಾದೆ. ಶಬ್ದವೂ ಎಲ್ಲೋ ದೂರದಿಂದ ಬಂದಂತೆ ಸಣ್ಣಗಿತ್ತು. ಹಳೆಯದು, ಸೊರಗಿದೆ ಎಂದುಕೊಂಡು ನಿನ್ನ ಆ ಟ್ಯೂನನ್ನೇ ಇನ್ನೂ ಜೋರಾಗಿ ಬಾರಿಸಿದೆ.

ದಡಾರನೆ ಬಾಗಿಲು ತೆರೆಯಿತು. ಅಪ್ಪ! ಅರ್ಧ ಮುಖಕ್ಕೆ ಶೇವಿಂಗ್ ನೊರೆ. ಏನೋ ಅನ್ನುತ್ತಿದ್ದಾರೆ, ಕೇಳುತ್ತಿಲ್ಲ. ಕಿವಿ ಮುಟ್ಟಿಕೊಂಡೆ. ಹೆಡ್‌ಫೋನ್! ಅಭ್ಯಾಸಬಲದಿಂದ ಅದನ್ನೂ ಹಾಕಿಕೊಂಡಿದ್ದೆ, ವೈರು ಸುಮ್ಮನೆ ನೆಲದ ಮೇಲೆ ಬಿದ್ದಿತ್ತು. ನನ್ನ ಕಿವಿ ಮುಚ್ಚಿಕೊಂಡು ಇಡೀ ಬೀದಿಗೆ ಕೇಳಿಸಿದ್ದೆ. ಕಿತ್ತೆಸೆದೆ. ಅವರು ಕೇಳುತ್ತಿದ್ದದ್ದು, "ಬಂದ್ಲಾ? ಎಲ್ಲಿ ಅವ್ಳು?" ಬಾಗಿಲ ಹಿಂದೆಯೂ ಇಣುಕಿ ನೋಡಿದರು ಕಣೇ. ನನ್ನ ಮಡಿಲಲ್ಲಿ ಗಿಟಾರು ಕಂಡಾಗ ಆ ಮುಖ ನೋಡಲಾಗಲಿಲ್ಲ. "ಓ, ನೀನಾ" ಎಂದು ಮುಖ ಒರೆಸಿಕೊಂಡು ಹೊರಗೆ ಹೋಗಿಬಿಟ್ಟರು. ಹದಿನಾಲ್ಕು ತಿಂಗಳು ನಿನ್ನ ಹೆಸರೆತ್ತದ ಮನುಷ್ಯ! ನಾನು ಈ ಮನುಷ್ಯನನ್ನು ಏನು ಅರ್ಥಮಾಡಿಕೊಂಡಿದ್ದೆ?

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೋಣೆಯ ಗೆಳತಿಗೂ ನನ್ನ ನೆನಪು ತಿಳಿಸು. ನೀನು ಇಟ್ಟ ಹೆಜ್ಜೆ ನಿನಗೆ ಒಳ್ಳೆಯದನ್ನೇ ತರಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದರು. ಸ್ನಾನಕ್ಕೆ ಹೋದಾಗ ಅಂಗಿ ಒಗೆಯಲು ತೆಗೆದೆ, ಜೇಬಿನಲ್ಲಿ ನೀನಿರುವ ಊರಿನ ಬಸ್ ಟಿಕೆಟ್, ಭಾನುವಾರ ಬೆಳಗಿನದು. ಒಂದೇ ಒಂದು. ನನಗೆ ಬಾಯಿಬಿಟ್ಟಿಲ್ಲ. ಅಲ್ಲಿಗೆ ಬಂದವರು ಬೈದರೂ ಬೈದಾರು, ಮಾತೇ ಬಾರದೆ ನಿಂತರೂ ನಿಂತಾರು. ನೀನು ಏನೂ ಕೇಳಬೇಡ ಮಗಳೇ, ಒಳಗೆ ಕರೆ.