ಬೆಲ್ಟು ಹಿಡಿದ ಕೈ

ನವೆಂಬರ್ ೧೨, ಬುಧವಾರ

ಇವತ್ತು ಆಸ್ಪತ್ರೆಯಲ್ಲಿ ಅಮ್ಮನ ಟ್ರಯಲ್ ನನ್ನಿಂದಲೇ ಹಾಳಾಗುತ್ತಿತ್ತು. ಅವಳ ಕೃತಕ ಕಾಲಿಗೆ ಹಾಕಿದ ಹೊಸ ಮಂಡಿಯೊಳಗೆ ಸೆನ್ಸರ್ ಇದೆ. ಎಡವಿದ ಕೂಡಲೇ ಅದು ತಾನೇ ಬಿಗಿಯಾಗಿ ಬೀಳದಂತೆ ತಡೆಯುತ್ತದೆ. ಅಮ್ಮ ಅದನ್ನು ನಂಬಿ ಭಾರ ಬಿಟ್ಟರೆ ಮಾತ್ರ ಆಸ್ಪತ್ರೆಯವರು ಅವಳಿಗೆ ಕೊಡುತ್ತಾರೆ. ಹಿಂದೆ ನಿಂತು ಅವಳ ಸೊಂಟದ ಬೆಲ್ಟು ಹಿಡಿಯುವುದಷ್ಟೇ ನನ್ನ ಕೆಲಸ. ಪರೀಕ್ಷೆಗೆಂದು ನೆಲದ ಮೇಲಿಟ್ಟ ಹಲಗೆಗೆ ಅವಳು ಬೇಕೆಂದೇ ಮತ್ತೆ ಮತ್ತೆ ಎಡವಿದಳು. ಪ್ರತಿ ಸಲವೂ ನಾನು ಎಳೆದುಬಿಟ್ಟೆ.

“ಮಂಡಿಗೂ ಸ್ವಲ್ಪ ಚಾನ್ಸ್ ಕೊಡಮ್ಮ,” ಎಂದರು ಟೆಕ್ನಿಷಿಯನ್, ನನಗೆ.

ಸಾರಿ ಎಂದೆ. ಮತ್ತೆ ಎಳೆದೆ.

ಅಮ್ಮ ತಿರುಗಿ ದುರುಗುಟ್ಟಿದಳು. “ಐದನೇ ಕ್ಲಾಸಲ್ಲಿ ನಿನ್ನ ಹಾಸ್ಟೆಲ್‌ಗೆ ಬಿಟ್ಟಾಗ ನಾನು ಹೀಗೆ ಹಿಡ್ಕೊಂಡು ನಿಂತಿದ್ನೇನೇ? ಹೋಗು, ಹೊರಗೆ ಕೂತ್ಕೋ.”

ಕಾರಿಡಾರಿನಲ್ಲಿ ಕೂತೆ. ಒಳಗೆ ಧಡ್ ಎಂದಿತು. ಎದ್ದು ಬಾಗಿಲ ಹಿಡಿಕೆ ಹಿಡಿದೆ. ಆಮೇಲೆ ಅಮ್ಮನ ನಗು ಕೇಳಿಸಿತು. “ಹಿಡೀತು, ಹಿಡೀತು!”

ಮಂಡಿ ಅವಳದಾಯಿತು. ಸಂಜೆ ನನ್ನ ಕೈ ಬೇಡವೆಂದು ಒಬ್ಬಳೇ ಬಸ್ಸು ಹತ್ತಿದಳು. ನಾನು ಹ್ಯಾಪಿ ಆಗಿರಬೇಕು, ಗೊತ್ತು. ಆದರೆ ಕಣ್ಣು ಮುಚ್ಚಿದರೆ ಮನೆಯ ಮೆಟ್ಟಿಲು, ಮೇಲಿನ ಮೆಟ್ಟಿಲಲ್ಲಿ ಅವಳು, ಅವಳ ಹಿಂದೆ ಯಾರೂ ಇಲ್ಲ. ಬಲಗೈ ಇದನ್ನು ಬರೆಯುತ್ತಿದೆ. ಎಡಗೈ ಬೆಡ್‌ಶೀಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದೆ. ಬಿಡು ಎಂದರೂ ಬಿಡುತ್ತಿಲ್ಲ.